ಎರಡನೆಯ ಪ್ರಮಾಣ

"ಏಯ್, ಬೆಂಚಿನ ಮೇಲೆ ಕೂರ್ಲಿಕ್ಕೆ ಇದೇನು ನಿನ್ನ ಅಪ್ಪನ ಚಾವಡಿಯಾ ಬೇವರ್ಸಿ? ಏಳು!"

ಕೋರ್ಟಿನ ಜವಾನ ಗದರಿದಾಗ ನೀಲಾವತಿ ಸೆರಗು ಸುತ್ತಿಕೊಂಡು ಗೋಡೆಯ ಬದಿಗೆ ಸರಿದಳು. ಬೆಂಚಿನ ಇನ್ನೊಂದು ತುದಿಯಲ್ಲಿ ಸಂಕಪ್ಪ ಧನಿಗಳು ಕಾಲ ಮೇಲೆ ಕಾಲು ಹಾಕಿ ಕೂತೇ ಇದ್ದರು.

ನೆರಿಯ ಊರಿನಲ್ಲಿ ಧನಿಗಳ ಗುಡ್ಡೆಯನ್ನು ಗೇಣಿಗೆ ಹಿಡಿದು, ಅಗೆದು ಗದ್ದೆ ಮಾಡಿದ್ದು ಅವಳ ಗಂಡ ಅಣ್ಣು. ಉಳುವವನಿಗೇ ಭೂಮಿ ಎಂದು ಗೇಣಿಯವರಿಗೆ ಹೊಸ ಕಾನೂನು ಬಂದ ವರ್ಷ ಅವನು ಬೆಳ್ತಂಗಡಿಗೆ ನಡೆದು ಅರ್ಜಿ ಬರೆಸಿದ್ದ. ಧನಿಗಳು ಬೈಯಲಿಲ್ಲ. ಗಂಡಹೆಂಡಿರನ್ನು ದೈವದ ಗುಡಿಯ ಎದುರು ನಿಲ್ಲಿಸಿ, ಗಂಧ ಕೈಯಲ್ಲಿ ಹಿಡಿದು, "ನಿಮ್ಮ ಸಂತಾನ ಇರುವವರೆಗೆ ಗದ್ದೆ ನಿಮ್ಮದೇ. ತಪ್ಪಿದರೆ ದೈವ ನೋಡಿಕೊಳ್ಳಲಿ. ನಮ್ಮೊಳಗೆ ಸರಕಾರ ಯಾಕೆ ಮಾರಾಯ?" ಎಂದಿದ್ದರು. ಅಣ್ಣು ಅರ್ಜಿಯನ್ನು ಅಲ್ಲೇ ಹರಿದ. ಹರಿದುಬಿಡು ಎಂದು ಕಣ್ಣಲ್ಲೇ ಹೇಳಿದವಳು ನೀಲಾವತಿಯೇ.

ಅಣ್ಣು ಸತ್ತು ವರ್ಷ ತುಂಬಿರಲಿಲ್ಲ, ಗದ್ದೆ ಬಿಡಬೇಕೆಂದು ಕೋರ್ಟಿನ ನೋಟೀಸು ಬಂತು.

ಧನಿಗಳು ಕಟಕಟೆ ಹತ್ತಿ ದೇವರ ಮೇಲೆ ಪ್ರಮಾಣ ಮಾಡಿದರು. ನಾಲಿಗೆ ತೊದಲಲಿಲ್ಲ.

"ಅವಳು ಕೂಲಿಗೆ ಬರ್ತಿದ್ದವಳು ಸ್ವಾಮಿ. ಗೇಣಿಯೂ ಇಲ್ಲ, ಮಾತು ಕೊಟ್ಟದ್ದೂ ಇಲ್ಲ."

ದೈವ ಈಗ ನೋಡಿಕೊಳ್ಳುತ್ತದೆಂದು ನೀಲಾವತಿ ಕಾದಳು. ಏನೂ ಆಗಲಿಲ್ಲ. ಧನಿಗಳು ಶಾಲು ಸರಿಮಾಡಿಕೊಂಡು ಇಳಿದು ಬಂದರು.

ಅವಳ ವಕೀಲ ಕೃಷ್ಣಕುಮಾರ ಗುಡಿಯ ಸಂಗತಿ ಎತ್ತಿದ. ಜಡ್ಜರು ತಲೆಯಾಡಿಸಿದರು. "ಅದು ನಂಬಿಕೆ. ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ. ಕಾಗದ ಉಂಟಾ?"

ಇರಲಿಲ್ಲ. ಗೇಣಿಯ ಭತ್ತ ಅಳೆಸಿಕೊಂಡು ಧನಿಗಳು ಒಂದು ರಶೀದಿಯನ್ನೂ ಕೊಟ್ಟವರಲ್ಲ.

ಅವಳ ಸರದಿ ಬಂತು. "ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳ್ತೇನೆ, ಹೇಳು," ಎಂದ ಗುಮಾಸ್ತ.

ಅವಳು ಧನಿಗಳತ್ತ ನೋಡಿದಳು.

"ಹೇಳು ಮಾರಾಯ್ತಿ," ವಕೀಲ ಪಿಸುಗುಟ್ಟಿದ. "ಇಲ್ಲದಿದ್ರೆ ನಿನ್ನ ಸಾಕ್ಷಿಯೇ ಇಲ್ಲ. ಗದ್ದೆ ಹೋಗ್ತದೆ."

ಅವಳು ಜಡ್ಜರತ್ತ ತಿರುಗಿದಳು. "ಗುಡಿಯ ಪ್ರಮಾಣಕ್ಕೆ ಬೆಲೆ ಇಲ್ಲ ಅಂದ್ರಲ್ಲ ಸ್ವಾಮಿ. ಇಲ್ಲಿಯದ್ದಕ್ಕೆ ಎಲ್ಲಿಂದ ಬಂತು? ಈಗ ಇವರು ಮಾಡಿದ್ದನ್ನು ಬರ್ಕೊಂಡ್ರಲ್ಲ, ಅದೇ ಸಾಕು ನಿಮಗೆ. ನಾನು ಮಾಡುವುದಿಲ್ಲ."

ಪ್ರತಿವಾದಿ ಪ್ರಮಾಣಕ್ಕೆ ಒಪ್ಪಲಿಲ್ಲವೆಂದು ಜಡ್ಜರು ಬರೆಸಿದರು. ವಕೀಲ ಕಾಗದದ ಕಟ್ಟು ಕಟ್ಟತೊಡಗಿದ.

ಕಟಕಟೆ ಇಳಿದ ನೀಲಾವತಿ ಧನಿಯ ಮುಖಕ್ಕೆ ಮುಖ ಕೊಟ್ಟು ನಿಂತಳು. ಅವಳ ಕಡೆಯವರು ಯಾರೂ ಇಂದಿನವರೆಗೆ ಬಾಯಲ್ಲಿ ಎತ್ತದ ಹೆಸರನ್ನು ಎತ್ತಿದಳು.

"ಸಂಕಪ್ಪಾ, ಪೈರು ಹಣ್ಣಾಗಿದೆ. ನಾಳೆ ಕೊಯ್ತೇನೆ. ತಡೀಲಿಕ್ಕೆ ಪೊಲೀಸರನ್ನು ಕರ್ಕೊಂಡು ಬಾ. ದೈವದ ಹೆಸರು ಹಿಡ್ಕೊಂಡು ಬರ್ಬೇಡ."