ನಿಧಾನದ ಅಕ್ಷರಗಳು

ತೀರಿಕೊಂಡ ಗಂಡನನ್ನು ಗೋಡೆಗೆ ಒರಗಿಸಿ ಕೂರಿಸಿ ಪಾರವ್ವ ಹಣೆಗೆ ವಿಭೂತಿ ಬಳಿಯುತ್ತಿದ್ದಾಗ ಕೊಡಿಗೇಹಳ್ಳಿಯ ಆ ಸಣ್ಣ ಓಣಿಗೆ ಕಾರೊಂದು ಬಂದು ನಿಂತಿತು. ಇಳಿದವನು ಮಹಾಲಿಂಗಪ್ಪ, ಫ್ಯಾಕ್ಟರಿಯ ಕಂಪ್ಯೂಟರ್ ವಿಭಾಗದ ಸಾಹೇಬ. ಕೈಯಲ್ಲಿ ಇಷ್ಟು ದಪ್ಪನೆಯ ಹಾರ. ಅವನ ಮುಖ ಕಂಡದ್ದೇ ತಡ, ಪಾರವ್ವನ ಮೈಯೆಲ್ಲ ಉರಿದುಹೋಯಿತು. ಇದ್ದಾಗ ಮನುಷ್ಯನನ್ನು ಸ್ಟೋರ್ಸಿನ ಮೂಲೆಗೆ ತಳ್ಳಿ, ನಟ್ಟು ಬೋಲ್ಟು ಕಾಯಲು ಹಚ್ಚಿ ಹಿಂಡಿ ಹಿಪ್ಪೆ ಮಾಡಿದವನು ಈಗ ಹೂವು ಹಾಕಲು ಬಂದಿದ್ದ. ನಾಚಿಕೆ ಅನ್ನುವುದು ಬೇಡವೇ ಇವನಿಗೆ?

ಹಾರ ಹಾಕಿ ಕೈಮುಗಿದವನು ಹೋಗಲಿಲ್ಲ. ಅಲ್ಲೇ ಸುಳಿದಾಡಿದ, ವಾಚು ನೋಡಿಕೊಂಡ, ಅವಳ ಗಂಡ ಶಿವಶರಣಪ್ಪನ ಜೊತೆ ಕೆಲಸ ಮಾಡಿದ್ದ ಜಿಯಾವುಲ್ಲಾನನ್ನು ಬಾಗಿಲಾಚೆ ಕರೆದು ಕಿವಿಯಲ್ಲಿ ಏನೋ ಊದಿದ. ಪಾರವ್ವ ಎಣ್ಣೆ ತರಲು ಒಳಗೆ ಹೋದಾಗ ಜಿಯಾವುಲ್ಲಾ ಹಿಂದೆಯೇ ಬಂದ.

"ಅಕ್ಕಾ, ಇವ್ರಿಗೆ ಶರಣಪ್ಪ ಸಾರ್ ಪ್ರೋಗ್ರಾಂ ಇರೋ ಆ ಫ್ಲಾಪಿ ಬೇಕಂತೆ. ಬೇರೆ ಕಂಪನಿ ಮೆಷಿನ್ ತಂದಿದ್ದಾರೆ, ಈ ಸಾಹೇಬ್ರು ಬರೆಸಿದ ಪ್ರೋಗ್ರಾಂ ಹಾಕಿದ್ರೆ ಪರದೆ ಬರೀ ಕತ್ತಲು. ಮೂರು ಗಂಟೆಗೆ ದಿಲ್ಲಿಯವ್ರು ನೋಡೋಕೆ ಬರ್ತಾರಂತೆ. ಕೊಡ್ಬೇಡಿ. ಸುಟ್ಟಾಕಿ."

*

ಫ್ಯಾಕ್ಟರಿಯ ಹಳೇ ದೊಡ್ಡ ಯಂತ್ರದ ಮೇಲೆ ಕನ್ನಡ ಟೈಪು ಮಾಡಿ ತಿದ್ದುವ ಪ್ರೋಗ್ರಾಂ ಬರೆದವನು ಶಿವಶರಣಪ್ಪ. ಎಂಬತ್ತೈದರಲ್ಲಿ ಮೇಜಿನ ಮೇಲೆ ಕೂರುವ ಪುಟ್ಟ ಕಂಪ್ಯೂಟರುಗಳು ಬಂದವು, ಅದನ್ನೇ ಅಲ್ಲಿಗೂ ಒಗ್ಗಿಸಿ ಕೊಡು ಅಂದರು. ದಾರಿ ಎರಡಿದ್ದವು. ಅಕ್ಷರದ ಒಂದೊಂದು ಚುಕ್ಕಿಗೂ ಯಂತ್ರದ ಸಿಸ್ಟಮ್ಮನ್ನೇ ಕೇಳಿ ಅದರ ಕೈಯಿಂದಲೇ ಹಾಕಿಸುವುದು ಒಂದು. ಯಾರನ್ನೂ ಕೇಳದೆ ಪರದೆಯ ಮೆಮೊರಿಗೇ ಕೈಹಾಕಿ ಬರೆದುಬಿಡುವುದು ಇನ್ನೊಂದು. ಎರಡನೆಯದು ಭಾರೀ ವೇಗ. ಆದರೆ ಬೇರೆ ಕಂಪನಿಯ ಯಂತ್ರದಲ್ಲಿ ಆ ಮೆಮೊರಿ ಅದೇ ಜಾಗದಲ್ಲಿ ಇರುತ್ತದೆಂಬ ಖಾತ್ರಿಯಿಲ್ಲ, ಇಲ್ಲದಿದ್ದರೆ ಪರದೆಯ ಮೇಲೆ ಏನೂ ಮೂಡದು.

ಶಿವಶರಣಪ್ಪ ಕೇಳುವ ದಾರಿ ಹಿಡಿದ. ಆಯುಧಪೂಜೆಯ ದಿನ ಹೆಂಡತಿಯನ್ನು ಕರೆದುಕೊಂಡು ಹೋಗಿ ಅವಳ ಹೆಸರನ್ನೇ ಒತ್ತಿ ತೋರಿಸಿದ. ಅಕ್ಷರಗಳು ಉಸ್ಸಪ್ಪಾ ಅನ್ನುತ್ತ ಒಂದೊಂದಾಗಿ ಬಂದವು. ಇಷ್ಟರಾಗ ನಾ ಒಂದು ರೊಟ್ಟಿ ಬಡೀತಿದ್ದೆ ಅಂತ ಅವಳು ನಕ್ಕಳು, ಅವನೂ ನಕ್ಕ. ಹಿಂದೆ ನಿಂತಿದ್ದ ಮಹಾಲಿಂಗಪ್ಪ ನಗಲಿಲ್ಲ.

"ಇದಕ್ಕ ಯಾರು ಕಾಯ್ತಾರೋ? ಒತ್ತಿದ ಕೂಡಲೇ ಅಕ್ಷರ ಬೀಳಬೇಕು ನನಗ."

"ಯಾರ ಯಂತ್ರಾದ್ರೂ ಇದು ಓಡಬೇಕ್ರಿ ಸರ್," ಅಂದ ಶಿವಶರಣಪ್ಪ. "ನಾಳೆ ನೀವ ಬೇರೆ ತಂದ್ರ?"

ಹೆಂಡತಿಯ ಎದುರಿಗೇ ಬೈಸಿಕೊಂಡ. ಆಮೇಲೆ ಬಡ್ತಿ ಹೋಯಿತು, ಸ್ಟೋರ್ಸು ಬಂತು. ವೇಗದ ಪ್ರೋಗ್ರಾಮನ್ನು ಬೇರೆಯವರಿಂದ ಬರೆಸಿ, ಇವನದನ್ನು ಆಫೀಸಿನಲ್ಲಿ ಅಳಿಸಿಹಾಕಿದರು. ಉಳಿದ ಒಂದು ಪ್ರತಿಯನ್ನು ಅವನು ಮನೆಗೆ ತಂದು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕ ಇಟ್ಟ. ಹೂಂ ಅಂದಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು ಅಂತ ಪಾರವ್ವ ಎಷ್ಟು ಜಗಳ ಕಾದಿದ್ದಳೋ. ಈ ಮೊಂಡ ಎದ್ದುಹೋಗಿ ಫ್ಲಾಪಿಯ ಮೇಲಿನ ಧೂಳು ಒರೆಸುತ್ತಿದ್ದ.

*

ಪಾರವ್ವ ಜಗಲಿಯಿಂದ ಫ್ಲಾಪಿ ಇಳಿಸಿಕೊಂಡಳು. ದೀಪದ ಬೆಂಕಿಪೊಟ್ಟಣ ಅಲ್ಲೇ ಇತ್ತು, ಕಡ್ಡಿಯನ್ನೂ ಗೀರಿದಳು. ಸುಟ್ಟರೆ ಸಾಹೇಬನ ಮಾನ ಮೂರು ಗಂಟೆಗೆ ಬೀದಿಪಾಲು. ಅವಳಿಗೆ ಬೇಕಾದದ್ದೂ ಅದೇ. ಆದರೆ ಸುಟ್ಟರೆ ಇದೂ ಯಾವ ಯಂತ್ರದ ಮೇಲೂ ಓಡುವುದಿಲ್ಲ. ಎಲ್ಲ ಕಡೆ ಓಡಲಿ ಅಂತ ತಾನೇ ಆ ಮನುಷ್ಯ ಬಡ್ತಿ ಕಳೆದುಕೊಂಡದ್ದು? ಸತ್ತ ಮೇಲೂ ತನ್ನದೇ ಹಠ ಗೆಲ್ಲಿಸಿಕೊಳ್ಳುತ್ತಾನಲ್ಲ ಎಂದು ಗಂಡನ ಮೇಲೂ ಸಿಟ್ಟು ಬಂತು. ಕಡ್ಡಿ ಬೆರಳಿಗೆ ಚುರುಕು ಮುಟ್ಟಿಸಿ ಆರಿತು.

ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ಕೊಡ್ತೀನ್ರಿ. ಮಣ್ಣಾದ ಮ್ಯಾಲೆ."

ಮಹಾಲಿಂಗಪ್ಪ ಹಲ್ಲು ಕಿರಿದ. ಹೊತ್ತಾಗೇತಿ ತಂಗಿ, ಈಗ ಕೊಟ್ರ ಹೋಗಿ ಬಂದುಬಿಡ್ತೀನಿ ಅಂದ.

"ಅವರ ಅಕ್ಷರಕ್ಕ ನೀವು ಕಾಯಲಿಲ್ಲ. ಇವತ್ತ ಕಾಯ್ರಿ."

ಮನೆ ಮಾಲೀಕ ಮುನಿಶಾಮಪ್ಪ ತನ್ನ ಹೊಲದ ಬದಿಯಲ್ಲೇ ಜಾಗ ಕೊಟ್ಟಿದ್ದ. ಶಿವಶರಣಪ್ಪನನ್ನು ಗುಣಿಯೊಳಗೆ ಕೂರಿಸಿದರು. ಸ್ವಾಮಿಗಳು ಮಂತ್ರ ಮುಗಿಸಿದರು. ಬಂದವರೆಲ್ಲ ಬಿಲ್ವಪತ್ರಿ ಹಾಕಿ ಸರಿದರು. ಮಹಾಲಿಂಗಪ್ಪನೂ ಒಂದು ಬೊಗಸೆ ಸುರಿದು, ಕೈ ಒರೆಸಿಕೊಂಡು ಬಂದು ಪಾರವ್ವನ ಪಕ್ಕದಲ್ಲೇ ನಿಂತ. ಕೊನೆಯ ಪತ್ರಿ ಹೆಂಡತಿಯದು, ಅದಾಗದೆ ಮಣ್ಣೆಳೆಯುವಂತಿಲ್ಲ.

ಪಾರವ್ವ ಫ್ಲಾಪಿಯನ್ನು ಕಂಕುಳಲ್ಲಿ ಅವುಚಿಕೊಂಡು ಗುಣಿಯ ಅಂಚಿಗೆ ಕೂತಳು. ತುಂಬಿದ್ದ ಪತ್ರಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದೇ ಒಂದು ಎಲೆ ತೆಗೆದು ಬಿಟ್ಟಳು. ಅದು ಗಂಡನ ಭುಜದ ಮೇಲೆ ಹೋಗಿ ಕೂರುವುದನ್ನು ನೋಡಿದಳು. ಆಮೇಲೆ ಇನ್ನೊಂದು ತೆಗೆದಳು.

ರಸ್ತೆಯಲ್ಲಿ ಡ್ರೈವರು ಹಾರನ್ ಬಾರಿಸಿದ. ಮುನಿಶಾಮಪ್ಪ ಸನಿಕೆ ಊರಿಕೊಂಡು ಕಾಯುತ್ತ ನಿಂತಿದ್ದ. ಮಹಾಲಿಂಗಪ್ಪ ಬಿಸಿಲಲ್ಲಿ ಬೆವರುತ್ತ, ಬರಿಗಾಲು ಬದಲಿಸುತ್ತ ವಾಚು ನೋಡಿಕೊಂಡ. ಪಾರವ್ವ ಬುಟ್ಟಿಯೊಳಗೆ ಹುಡುಕಿ ಇನ್ನೊಂದು ಎಲೆ ಎತ್ತಿಕೊಂಡಳು.