ದುಂಡೇಶನ ಎರಡು ಕ್ಯಾಮೆರಾ

ಚೇತನಾಳ ಜಡೆಗೆ ಮೊಗ್ಗು ಹೊಲಿಯುತ್ತಿದ್ದೆ. ವಿಜಯನಗರ ಮಾರ್ಕೆಟ್ಟಿನಿಂದ ಬೆಳಿಗ್ಗೆ ತಂದ ಮಲ್ಲಿಗೆ. ಅವಳಪ್ಪ ದುಂಡೇಶ, ನನ್ನ ಅಕ್ಕ ಹೊನ್ನವ್ವನ ಮಗ, ಎದುರಿಗೆ ಎರಡು ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡು ನ್ಯಾಯಾಧೀಶನಂತೆ ಕೂತಿದ್ದ. ಎರಡೂ ಆಫೀಸಿನ ಗೆಳೆಯರವು. ಯಾವುದು ಒಳ್ಳೆಯದೋ ಅಂಥದ್ದನ್ನು ಕೊಳ್ಳುತ್ತಾನಂತೆ. ಯುಗಾದಿಯಿಂದ ಕೊಳ್ಳುತ್ತಲೇ ಇದ್ದಾನೆ.

ಗದಗದ ಕಡೆ, ಮಂಡಿ ಹಿಡಿದು ಮನೆಯಲ್ಲೇ ಕೂತ ಹೊನ್ನವ್ವ ಕೇಳಿದ್ದು ಒಂದೇ: ಮೊಮ್ಮಗಳ ಮೊಗ್ಗಿನ ಜಡೆಯ ಫೋಟೋ. ನಾನು ಕಾಗದ ಬರೆದಿಟ್ಟು ತಿಂಗಳುಗಳಾದವು. ಫೋಟೋ ಜೊತೆಗೇ ಕಳಿಸೋಣವೆಂದು ಇವನೇ ತಡೆದ. ಸ್ಟುಡಿಯೋಗೆ ಹೋಗೋಣವೆಂದರೆ, ಅವರಿಗೇನು ಗೊತ್ತು ಎಂದ. ನಾಳೆ ಹರಕೆಯ ಮುಡಿ, ಮಗುವಿನ ತಲೆ ಬೋಳಾಗುತ್ತದೆ. ಸಂಜೆಯಾದರೆ ಮೊಗ್ಗು ಅರಳಿ ಈ ಜಡೆಯೂ ಕೆಡುತ್ತದೆ.

ಮಗುವನ್ನು ಬೀರುವಿನ ಕನ್ನಡಿಗೆ ಬೆನ್ನುಮಾಡಿ ನಿಲ್ಲಿಸಿದೆ. ಮುಖವೂ ಜಡೆಯೂ ಒಟ್ಟಿಗೆ ಬರಬೇಕಲ್ಲ.

"ತೆಗಿಯೋ," ಎಂದೆ.

"ಇರಿ ಚಿಕ್ಕಮ್ಮ. ಇದ್ರಲ್ಲಿ ಜೂಮ್ ಚೆನ್ನಾಗಿದೆ, ಅದ್ರಲ್ಲಿ ಮೆಗಾಪಿಕ್ಸೆಲ್ ಜಾಸ್ತಿ. ಫಸ್ಟ್ ಕ್ಯಾಲೆಂಡರ್ ಹೊಡೆದು ಕಂಪೇರ್ ಮಾಡ್ತೀನಿ."

ಕ್ಯಾಲೆಂಡರ್ ಆಯಿತು. ಕಿಟಕಿ ಪರದೆ ಆಯಿತು. ನಿಂತ ಫ್ಯಾನಿನದು, ತಿರುಗುವ ಫ್ಯಾನಿನದು.

"ಅಪ್ಪಾ, ಕಾಲು ನೋಯ್ತಿದೆ."

"ಸುಮ್ನಿರೇ, ಕಲರ್ ನೋಡ್ತಿದೀನಿ."

"ಅಲ್ಲಾ ಕಣೋ, ನಿನ್ನ ಹೆಂಡ್ತೀನ ನೋಡಕ್ ಹೋದಾಗ್ಲೂ ಪಕ್ಕದಲ್ಲಿ ಇನ್ನೊಬ್ಳನ್ನ ನಿಲ್ಸಿ ಕಂಪೇರ್ ಮಾಡಿದ್ಯಾ?"

"ಇದು ಟೆಕ್ನಿಕಲ್ಲು ಚಿಕ್ಕಮ್ಮ, ನಿಮಗೆ ಗೊತ್ತಾಗಲ್ಲ."

ದೊಡ್ಡ ಕ್ಯಾಮೆರಾದ ಸೆಲ್ ಸತ್ತಿತು. "ಬ್ಯಾಟರಿ ವೀಕು," ಎಂದು ಹಾಳೆಯಲ್ಲಿ ಬರೆದುಕೊಂಡ. ಮಹಾ ಸಂಶೋಧನೆ! ಬೆಳಗಿನಿಂದ ಗೋಡೆಗಳ ಫೋಟೋ ಹೊಡೆದರೆ ಯಾವ ಸೆಲ್ ತಾನೇ ಬದುಕೀತು? ಇತ್ತ ಮೊಗ್ಗುಗಳ ತುದಿ ಬಿರಿಯತೊಡಗಿತ್ತು.

ಅವನು ಬರೆಯುತ್ತಿದ್ದಂತೆಯೇ ಚಿಕ್ಕದನ್ನು ಎತ್ತಿಕೊಂಡೆ. ಅವನು ಒತ್ತುವ ಗುಂಡಿಯನ್ನು ನೋಡಿ ನೋಡಿ ನನಗೆ ಬಾಯಿಪಾಠವಾಗಿತ್ತು. ಅವನು ದೊಡ್ಡದನ್ನು ಹಿಡಿದು ತಲೆಯೆತ್ತುವಷ್ಟರಲ್ಲಿ ಒತ್ತಿದೆ.

"ಅಯ್ಯೋ! ಸೆಟ್ಟಿಂಗೇ ಮಾಡಿರ್ಲಿಲ್ಲ!"

"ನೀನು ಸೆಟ್ ಆಗೋ ಹೊತ್ತಿಗೆ ಮಗೂಗೆ ಮದುವೆ ಆಗಿರತ್ತೆ. ನಡಿ, ಪ್ರಿಂಟ್ ಹಾಕ್ಸು."

ಏನೂ ಗೊತ್ತಿಲ್ಲವೆಂದು ದುಂಡೇಶ ಜರೆದಿದ್ದ ಸ್ಟುಡಿಯೋದವನೇ ಪ್ರಿಂಟ್ ಹಾಕಿಕೊಟ್ಟ. ಚಿತ್ರ ತುಸು ಓರೆ. ಮಗುವಿನ ಮುಖ, ಕನ್ನಡಿಯಲ್ಲಿ ಇಡೀ ಜಡೆ, ಅದರ ಮೂಲೆಯಲ್ಲಿ ಸತ್ತ ಕ್ಯಾಮೆರಾ ಹಿಡಿದು ಬಾಯಿ ತೆರೆದ ದುಂಡೇಶ.

ಕಾಗದದ ಕೊನೆಗೆ ಒಂದು ಸಾಲು ಸೇರಿಸಿದೆ: 'ಮೂಲೆಯಲ್ಲಿರುವವನು ನಿನ್ನ ಮಗ. ಇನ್ನೂ ಆರಿಸುತ್ತಿದ್ದಾನೆ.' ಯಾವ ಲಕೋಟೆ ಒಳ್ಳೆಯದೆಂದು ಅವನು ಶುರುಮಾಡುವ ಮೊದಲೇ ಅಂಚೆಡಬ್ಬಿಗೆ ಹಾಕಿಬಿಟ್ಟೆ.