ಹೋಗುವಾಗ ದೊಡ್ಡ ರಸ್ತೆ

ಚರ್ಚಿನ ಮುಂದೆ ಸಾಲಾಗಿ ನಿಂತ ಕಾರುಗಳ ಮೂತಿಗೆ ಗಸ್ ಒಂದೊಂದೇ ನೇರಳೆ ಬಾವುಟ ಸಿಕ್ಕಿಸುತ್ತಿದ್ದ. ಊರಿನ ಹೆಣಗಳನ್ನೆಲ್ಲ ಮಣ್ಣು ಮಾಡಿಸುವವನು ಅವನೇ. ಡೊಲೊರೆಸ್ ಮೆಟ್ಟಿಲಿಳಿಯುತ್ತಿದ್ದಾಗ ರೋಂಡಾ ಬಂದು ಅವಳ ಮೊಣಕೈ ಹಿಡಿದಳು. ನಗರಸಭೆಯ ಕಚೇರಿಯಲ್ಲಿ ಡೊಲೊರೆಸ್‌ಳ ಗಂಡ ಲೆನ್ ಜೊತೆ ಹದಿನೈದು ವರ್ಷ ಕೂತು ಕೆಲಸ ಮಾಡಿದವಳು.

"ಡೊಲೊರೆಸ್, ಈ ಹೊತ್ತಲ್ಲಿ ಕೇಳಬಾರದು. ಆದರೂ ಕೇಳ್ತೀನಿ."

"ಕೇಳಮ್ಮ."

"ಇವತ್ತು ಸಂಜೆ ಅಂಗಡಿ ಕಂಪನಿಯವರು ಗಾಡಿ ಎಣಿಸೋ ಕೊಳವೆ ಎತ್ತಿಬಿಡ್ತಾರೆ. ಹೇಗೆ ಕೂಡಿಸಿದರೂ ಎಪ್ಪತ್ತು ಗಾಡಿ ಕಮ್ಮಿ ಬರ್ತಿದೆ. ಇಲ್ಲಿ ನಲವತ್ತನಾಲ್ಕು ನಿಂತಿವೆ. ದೊಡ್ಡ ರಸ್ತೆ ಮೇಲೆ ಹೋಗಿ, ಅದರ ಮೇಲೇ ವಾಪಸ್ ಬಂದರೆ..."

ಗಂಡ ಸತ್ತು ಮೂರು ದಿನವಾದರೂ ಡೊಲೊರೆಸ್‌ಗೆ ಅಳು ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಮೈಯೆಲ್ಲ ಮರಗಟ್ಟಿತ್ತು. ರೋಂಡಾಳ ಕೋಟಿನ ಗುಂಡಿಯೊಂದು ಸಡಿಲವಾಗಿ ನೇತಾಡುವುದನ್ನೇ ಅವಳು ನೋಡುತ್ತಿದ್ದಳು.

ಹಿಂದೆ ನಿಂತಿದ್ದ ಡೊಲೊರೆಸ್‌ಳ ತಮ್ಮ ಚೆಸ್ಟರ್ ಕೆರಳಿದ. "ನಾಚಿಕೆ ಆಗಲ್ವಾ ನಿಂಗೆ? ಹೆಣ ಇಟ್ಕೊಂಡು ಅಂಗಡಿ ವ್ಯಾಪಾರ ಮಾತಾಡ್ತೀಯಲ್ಲ!"

"ಹಾಲಿಗೆ ಮೂವತ್ತು ಮೈಲಿ ಹೋಗೋದು ನೀನಲ್ಲ ಚೆಸ್ಟರ್, ನಿನ್ನ ಹೆಂಡತಿ," ಎಂದಳು ರೋಂಡಾ.

*

ಒಲೆ ಕಾರ್ಖಾನೆ ಅರ್ಧ ಮುಚ್ಚಿದ ಮೇಲೆ ಹಾರ್ಲಿನ್‌ಬರ್ಗ್‌ನ ಅಂಗಡಿಗಳೂ ಒಂದೊಂದಾಗಿ ಬಾಗಿಲೆಳೆದುಕೊಂಡವು. ಹೊಸ ಅಂಗಡಿ ತರುವುದೇ ಲೆನ್‌ನ ಕೆಲಸ. ಇಪ್ಪತ್ತಾರು ವರ್ಷ ಕಾಗದ ಬರೆದ. ಜನ ಸಾಲದು ಎಂದು ಕಂಪನಿಗಳು ಉತ್ತರ ಬರೆದವು. ಅಂಗಡಿಯಿಲ್ಲವೆಂದು ಜನ ಊರು ಬಿಟ್ಟರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು.

ಹತ್ತು ವರ್ಷದ ಹಿಂದೆ ಒಬ್ಬ ದಿನಸಿ ಕಂಪನಿಯವನು ಊರು ನೋಡಲು ಬಂದಿದ್ದ. ಲೆನ್ ಬೆಳಿಗ್ಗೆಯೇ ಎಲ್ಲರ ಮನೆಗೂ ಫೋನು ಮಾಡಿದ: ಸುಮ್ಮನೆ ಗಾಡಿ ತೆಗೆದು ದೊಡ್ಡ ರಸ್ತೆಯಲ್ಲಿ ಸುತ್ತುತ್ತಿರಿ. ಊರಿಗೆ ಊರೇ ಸುತ್ತಿತು. ಚೆಸ್ಟರ್‌ನ ಉತ್ಸಾಹಕ್ಕಂತೂ ಮಿತಿಯೇ ಇರಲಿಲ್ಲ. ಹೋಟೆಲಿನ ಕಿಟಕಿಯಲ್ಲಿ ಕೂತು ಕಡುಬು ತಿನ್ನುತ್ತಿದ್ದ ಕಂಪನಿಯವನು ಕೊನೆಗೆ ಬಾಯೊರೆಸಿಕೊಂಡು ಲೆನ್‌ನನ್ನು ಕೇಳಿದ: "ಮಿಸ್ಟರ್ ಕುಬಿಯಾಕ್, ಆ ಕೆಂಪು ಗಾಡಿಯವನಿಗೆ ದಾರಿ ತಪ್ಪಿದೆಯಾ? ಐದನೇ ಸಲ ಹೋಗ್ತಿದಾನೆ."

ಅವತ್ತು ಲೆನ್ ರಾತ್ರಿಯೂಟ ಮಾಡಲಿಲ್ಲ. "ಇನ್ನು ಮೇಲೆ ಇದ್ದದ್ದೇ ತೋರಿಸೋದು ಡಾಲಿ. ಕಮ್ಮಿ ಇದ್ರೆ ಕಮ್ಮಿ," ಎಂದಿದ್ದ.

*

ಕಳೆದ ವಾರ, ಕಡೆಗೂ ಒಂದು ಕಂಪನಿ ಊರಿನ ಗಾಡಿ ಎಣಿಸಿ ನೋಡಲು ಒಪ್ಪಿ, ದೊಡ್ಡ ರಸ್ತೆಗೆ ಅಡ್ಡಲಾಗಿ ಕಪ್ಪು ರಬ್ಬರು ಕೊಳವೆ ಹಾಸಿತು. ಗಾಲಿ ಹತ್ತಿದರೆ ಲೆಕ್ಕ. ಏಳು ದಿನದಲ್ಲಿ ಸಾಕಷ್ಟು ಗಾಡಿ ದಾಟಿದರೆ ಅಂಗಡಿ. ಲೆನ್ ತನ್ನ ಕಾರನ್ನು ಶೆಡ್ಡಿನಿಂದ ತೆಗೆಯಲೇ ಇಲ್ಲ. ನಡೆದೇ ಕಚೇರಿಗೆ ಹೋದ.

"ಎಪ್ಪತ್ತೊಂದು ವರ್ಷದ ಕಾಲು ಅದು. ಕಾರಲ್ಲಿ ಹೋಗಬಾರದಾ?" ಎಂದು ಅವಳು ಬೈದಳು.

"ನಡೆಯೋಷ್ಟು ದೂರಕ್ಕೆ ಕಾರು ತೆಗೆದ್ರೆ ಅದೂ ಸುಳ್ಳೇ," ಎಂದ. ನಾಲ್ಕನೆಯ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ ಹಾಗೇ ಪಕ್ಕಕ್ಕೆ ವಾಲಿದ.

*

"ಮಿಸೆಸ್ ಕುಬಿಯಾಕ್, ಯಾವ ದಾರಿ ಹಿಡೀಲಿ?" ಗಸ್ ಟೋಪಿ ಕೈಯಲ್ಲಿ ಹಿಡಿದು ಕೇಳಿದ. "ಕಾರ್ಖಾನೆ ಹಿಂದಿನ ಓಣಿ ಹತ್ತಿರ. ದೊಡ್ಡ ರಸ್ತೆ ಅಗಲ."

ಡೊಲೊರೆಸ್ ಶವದ ಗಾಡಿಯ ಕಡೆ ನೋಡಿದಳು.

"ಹೋಗುವಾಗ ದೊಡ್ಡ ರಸ್ತೆ," ಎಂದಳು. "ಈ ವಾರ ಲೆನ್ ಒಂದು ಸಲಾನೂ ಗಾಡೀಲಿ ದಾಟಿಲ್ಲ. ಇವತ್ತು ಅವನಿಗೆ ಕೆಲಸ ಇದೆ."

ರೋಂಡಾ ಉಸಿರುಬಿಟ್ಟಳು. "ಬರುವಾಗಲೂ ಅಲ್ವಾ?"

"ಬರುವಾಗ ಓಣಿ. ಊಟ ಇಟ್ಟಿರೋದು ಈ ಚರ್ಚಿನ ನೆಲಮಾಳಿಗೇಲಿ, ಅದಕ್ಕೆ ಓಣಿಯೇ ನೇರ."

"ನಲವತ್ತನಾಲ್ಕು ಸಾಲಲ್ಲ ಡೊಲೊರೆಸ್! ಅವರ ಇಪ್ಪತ್ತಾರು ವರ್ಷ ಹೋಗತ್ತೆ. ಬರೋರೂ ನಿಜವಾದ ಜನಾನೇ ತಾನೆ?"

"ಜನ ನಿಜ. ಸುತ್ತು ಬಳಸಿ ಬರೋದು ಸುಳ್ಳು. ಅವನಿಗೆ ಗೊತ್ತಾಗ್ತಿತ್ತು."

ರೋಂಡಾ ಕಣ್ಣೊರೆಸಿಕೊಂಡು ತನ್ನ ಕಾರಿಗೆ ಹೋದಳು. ಅಂಗಡಿ ಬರಲೆಂಬ ಆಸೆ ಡೊಲೊರೆಸ್‌ಗೂ ಇತ್ತು. ಎಲ್ಲರಿಗಿಂತ ಹೆಚ್ಚೇ ಇತ್ತು.

ಶವದ ಗಾಡಿ ಕೊಳವೆಯ ಮೇಲೆ ಹಾಯಿತು. ಮುಂದಿನ ಗಾಲಿಯದೊಂದು ಸದ್ದು, ಹಿಂದಿನದೊಂದು. ಅವಳಿದ್ದ ಕಾರು ಹಾಯಿತು. ಹಿಂದಿನವೂ ದೀಪ ಹಾಕಿಕೊಂಡು ನಿಧಾನವಾಗಿ ದಾಟಿದವು. ಗುಡ್ಡದ ಮೇಲಿನ ಸ್ಮಶಾನದಲ್ಲಿ ಪಾದ್ರಿ ನೀರು ಚಿಮುಕಿಸಿದ, ಪ್ರಾರ್ಥನೆ ಹೇಳಿದ. ಆಗಲೂ ಅವಳಿಗೆ ಅಳು ಬರಲಿಲ್ಲ.

ವಾಪಸು ಬರುವಾಗ ಕವಲಿನಲ್ಲಿ ಗಸ್ ಅವಳಿದ್ದ ಕಾರನ್ನು ಬಲಕ್ಕೆ, ಓಣಿಗೆ ತಿರುಗಿಸಿದ. ಡೊಲೊರೆಸ್ ಹಿಂದಿನ ಗಾಜಿನಲ್ಲಿ ನೋಡಿದಳು. ಅವರ ಬೆನ್ನಿಗೇ ಇದ್ದ ರೋಂಡಾಳ ಕಾರು ಕವಲಿನಲ್ಲಿ ನಿಂತುಬಿಟ್ಟಿತ್ತು. ಎಡಗಡೆಯ, ದೊಡ್ಡ ರಸ್ತೆಯ ಕಡೆಯ ದೀಪ ಮಿನುಗುತ್ತಿತ್ತು. ಅದರ ಹಿಂದೆ ಗುಡ್ಡದ ತನಕ ಸಾಲು ನಿಂತಿತು. ಯಾರೂ ಹಾರನ್ ಹೊಡೆಯಲಿಲ್ಲ.

ಮಿನುಗುವುದು ನಿಂತಿತು. ರೋಂಡಾ ಬಲಕ್ಕೆ ತಿರುಗಿದಳು.

ಓಣಿ ಇಕ್ಕಟ್ಟು, ಎರಡೂ ಕಡೆ ಕಾರ್ಖಾನೆಯ ಇಟ್ಟಿಗೆ ಗೋಡೆ. ರೋಂಡಾ ಕಿಟಕಿಯಿಂದ ಕೈ ಹೊರಗೆ ಹಾಕಿ ಬದಿಯ ಕನ್ನಡಿ ಮಡಚಿದಳು. ಅವಳ ಹಿಂದಿನವನು ಮಡಚಿದ. ಅವನ ಹಿಂದಿನವಳೂ ಮಡಚಿದಳು.